ಪ್ರಯೋಗಾಲಯಕ್ಕೂ ತರಗತಿಗೂ ನಡುವೆ ನಿಂತ ಮೇಘನಾದ ಸಹಾ

ಭಾರತ ಸರ್ಕಾರದ ರಾಜಪತ್ರದಲ್ಲಿ ಎರಡು ದಿನಾಂಕಗಳು ಅಚ್ಚಾಗುತ್ತವೆ. ಒಂದು ನಾವೆಲ್ಲ ಬಳಸುವ ಕ್ರಿಸ್ತಶಕದ್ದು. ಇನ್ನೊಂದು ಚೈತ್ರ, ವೈಶಾಖ ಎಂಬ ಮಾಸಗಳ ಹೆಸರು ಹೊತ್ತ ಶಕವರ್ಷದ್ದು. ಎರಡನೆಯದನ್ನು ನೋಡಿ ತಮ್ಮ ದಿನವನ್ನು ಗುರುತಿಸಿಕೊಳ್ಳುವವರು ವಿರಳ. ಆ ದಿನಾಂಕದ ಹಿಂದೆ ದುಡಿದ ವ್ಯಕ್ತಿಯ ಹೆಸರು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಒಂದು ಸಮೀಕರಣವಾಗಿ, ಕೋಲ್ಕತ್ತದ ಜನರಿಗೆ ಒಂದು ಸಂಶೋಧನಾ ಸಂಸ್ಥೆಯಾಗಿ ಪರಿಚಿತ. ಆದರೆ 1956ರಲ್ಲಿ ತೀರಿಕೊಂಡ ಮೇಘನಾದ ಸಹಾ ಅವರನ್ನು ಇಂದು ನೆನೆಯಬೇಕಾದ ಕಾರಣ ಸಮೀಕರಣವೂ ಅಲ್ಲ, ಪಂಚಾಂಗವೂ ಅಲ್ಲ ಎಂಬುದು ನನ್ನ ಭಾವನೆ. ಜ್ಞಾನವನ್ನು ಹುಟ್ಟಿಸುವ ಸ್ಥಳ ಮತ್ತು ಜ್ಞಾನವನ್ನು ಕಲಿಸುವ ಸ್ಥಳ ಒಂದೇ ಆಗಿರಬೇಕೇ ಎಂಬ ಪ್ರಶ್ನೆಯನ್ನು ಸ್ವತಂತ್ರ ಭಾರತದ ಮೊದಲ ದಿನಗಳಲ್ಲಿಯೇ ಹಟ ಹಿಡಿದು ಕೇಳಿದವರು ಅವರು. ಆ ವಾದದಲ್ಲಿ ಅವರು ಸೋತರು. ಸೋಲಿನ ಫಲವನ್ನು ನಮ್ಮ ವಿಶ್ವವಿದ್ಯಾಲಯಗಳು ಇಂದಿಗೂ ಉಣ್ಣುತ್ತಿವೆ.

ಸಹಾ ಹುಟ್ಟಿದ್ದು 1893ರ ಅಕ್ಟೋಬರ್ 6ರಂದು, ಈಗಿನ ಬಾಂಗ್ಲಾದೇಶದ ಢಾಕಾ ಬಳಿಯ ಶಿಯೋರಾತಲಿ ಎಂಬ ಹಳ್ಳಿಯಲ್ಲಿ. ತಂದೆ ಜಗನ್ನಾಥ ಸಹಾ ಚಿಕ್ಕ ದಿನಸಿ ಅಂಗಡಿ ನಡೆಸುತ್ತಿದ್ದರು. ಎಂಟು ಮಕ್ಕಳಲ್ಲಿ ಮೇಘನಾದ ಐದನೆಯವನು. ಇಂಥ ಮನೆಯಲ್ಲಿ ಹುಡುಗನೊಬ್ಬ ನಾಲ್ಕಕ್ಷರ ಕಲಿತರೆ ಅಂಗಡಿಯ ಲೆಕ್ಕಕ್ಕೆ ಸಾಕು ಎಂಬುದು ಅಂದಿನ ನಡವಳಿಕೆ. ಪ್ರಾಥಮಿಕ ಶಾಲೆ ಮುಗಿದಾಗ ಮುಂದಿನ ಶಾಲೆ ಇದ್ದದ್ದು ಹಲವು ಮೈಲಿ ದೂರದ ಸಿಮುಲಿಯಾದಲ್ಲಿ. ಅಲ್ಲಿನ ವೈದ್ಯ ಅನಂತಕುಮಾರ ದಾಸ್ ಹುಡುಗನಿಗೆ ಊಟ, ವಸತಿ ಕೊಡಲು ಒಪ್ಪಿದರು. ತನ್ನ ತಟ್ಟೆಯನ್ನು ತಾನೇ ತೊಳೆಯಬೇಕು, ಮನೆಯ ಹಸುವನ್ನು ನೋಡಿಕೊಳ್ಳಬೇಕು ಎಂಬುದಷ್ಟೇ ಕರಾರು. ಆ ಕರಾರಿನಲ್ಲಿ ಔದಾರ್ಯವೂ ಇತ್ತು, ಜಾತಿಯ ಗೆರೆಯೂ ಇತ್ತು. ಹುಡುಗ ಎರಡನ್ನೂ ಅರ್ಥ ಮಾಡಿಕೊಂಡ. ಮಾಧ್ಯಮಿಕ ಪರೀಕ್ಷೆಯಲ್ಲಿ ಇಡೀ ಢಾಕಾ ಜಿಲ್ಲೆಗೇ ಮೊದಲಿಗನಾಗಿ, ತಿಂಗಳಿಗೆ 4 ರೂಪಾಯಿಯ ವಿದ್ಯಾರ್ಥಿವೇತನ ಗಳಿಸಿದ. ಅಲ್ಪ ಸಂಬಳದ ಅಣ್ಣ ಜಯನಾಥ ತನ್ನ ಗಳಿಕೆಯಿಂದ ತಿಂಗಳಿಗೆ 5 ರೂಪಾಯಿ ಕಳಿಸತೊಡಗಿದ.

1905ರಲ್ಲಿ ಢಾಕಾದ ಕಾಲೇಜಿಯೇಟ್ ಶಾಲೆ ಸೇರಿದಾಗ ಬಂಗಾಳ ವಿಭಜನೆಯ ಬಿಸಿ ಏರಿತ್ತು. ಗವರ್ನರ್ ಫುಲ್ಲರ್ ಭೇಟಿಯ ಸಂದರ್ಭದಲ್ಲಿ ಪ್ರತಿಭಟಿಸಿದ ವಿದ್ಯಾರ್ಥಿಗಳೊಂದಿಗೆ ಮೇಘನಾದನೂ ಶಾಲೆಯಿಂದ ಹೊರಬಿದ್ದ. ವಿದ್ಯಾರ್ಥಿವೇತನವೂ ಹೋಯಿತು. ಕಿಶೋರಿಲಾಲ್ ಜುಬಿಲಿ ಎಂಬ ಖಾಸಗಿ ಶಾಲೆ ಅವನನ್ನು ಸೇರಿಸಿಕೊಳ್ಳದೇ ಇದ್ದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. 1909ರ ಪ್ರವೇಶ ಪರೀಕ್ಷೆಯಲ್ಲಿ ಆತ ಪೂರ್ವ ಬಂಗಾಳದಲ್ಲೇ ಮೊದಲಿಗ. ಪ್ರತಿಭೆ ತಾನಾಗಿಯೇ ದಾರಿ ಮಾಡಿಕೊಳ್ಳುತ್ತದೆ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಸಹಾ ಬಾಲ್ಯವನ್ನು ಗಮನಿಸಿದರೆ ಆ ಮಾತು ಅರ್ಧಸತ್ಯ ಎನಿಸುತ್ತದೆ. ಒಬ್ಬ ವೈದ್ಯ, ಒಬ್ಬ ಅಣ್ಣ, ಒಂದು ಶಾಲೆ: ಈ ಮೂರರಲ್ಲಿ ಒಂದು ತಪ್ಪಿದ್ದರೂ ನಕ್ಷತ್ರಗಳ ಉಷ್ಣತೆಯನ್ನು ಅಳೆಯುವ ಸೂತ್ರವನ್ನು ಬೇರೆ ದೇಶದ ಬೇರೆ ಯಾರೋ ಬರೆಯಬೇಕಾಗುತ್ತಿತ್ತು.

1911ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜು. ಜಗದೀಶಚಂದ್ರ ಬೋಸ್, ಪ್ರಫುಲ್ಲಚಂದ್ರ ರೇ ಅಲ್ಲಿ ಗುರುಗಳು. ಸತ್ಯೇಂದ್ರನಾಥ ಬೋಸ್ ಸಹಪಾಠಿ. 1913ರ ಬಿಎಸ್‌ಸಿ, 1915ರ ಎಂಎಸ್‌ಸಿ ಎರಡರಲ್ಲಿಯೂ ಬೋಸ್ ಮೊದಲಿಗರು, ಸಹಾ ಎರಡನೆಯವರು. ಈಡನ್ ಹಿಂದೂ ಹಾಸ್ಟೆಲಿನಲ್ಲಿ ಮಾತ್ರ ಅವರಿಗೆ ಬೇರೆಯದೇ ಪಾಠ ಕಾದಿತ್ತು. ಮೇಲ್ಜಾತಿಯ ಕೆಲವು ವಿದ್ಯಾರ್ಥಿಗಳು ಅವರೊಂದಿಗೆ ಪಂಕ್ತಿಯಲ್ಲಿ ಕೂತು ಉಣ್ಣಲು ಒಪ್ಪಲಿಲ್ಲ. ವಿದ್ಯೆಯ ಅಧಿದೇವತೆಯ ಪೂಜೆಯಲ್ಲಿಯೂ ತಾರತಮ್ಯ ತಪ್ಪಲಿಲ್ಲ. ಆ ಗಾಯವನ್ನು ಸಹಾ ಮರೆಯಲಿಲ್ಲ. ವಿಜ್ಞಾನ ಅವರಿಗೆ ಬರಿಯ ವೃತ್ತಿಯಾಗದೆ ಸಮಾನತೆಯ ನೆಲವೂ ಆಗಿ ಕಂಡದ್ದರ ಬೇರು ಇಲ್ಲಿದೆ ಎಂದು ನಾನು ನಂಬುತ್ತೇನೆ.

ಓದು ಮುಗಿದಾಗ ಸರ್ಕಾರಿ ಹಣಕಾಸು ಸೇವೆಯ ಪರೀಕ್ಷೆಗೆ ಕೂರುವ ಬಯಕೆ ಅವರಿಗಿತ್ತು. ಮನೆಗೆ ಹಣ ಬೇಕಿತ್ತು. ಕ್ರಾಂತಿಕಾರಿಗಳ ಒಡನಾಟವಿದೆ ಎಂಬ ಶಂಕೆಯಿಂದ ಸರ್ಕಾರ ಅನುಮತಿ ನೀಡಲಿಲ್ಲ. ಅದೇ ಹಣಕಾಸು ಸೇವೆಯಲ್ಲಿ ಹತ್ತು ವರ್ಷ ದುಡಿದ ಸಿ.ವಿ. ರಾಮನ್ 1917ರಲ್ಲಿ ಅದನ್ನು ಬಿಟ್ಟು ಕಲ್ಕತ್ತ ವಿಶ್ವವಿದ್ಯಾಲಯಕ್ಕೆ ಬಂದರು. ಒಬ್ಬರು ಬಾಗಿಲು ತೆರೆದುಕೊಂಡು ಹೊರಬಂದರು. ಇನ್ನೊಬ್ಬರಿಗೆ ಬಾಗಿಲು ತೆರೆಯಲೇ ಇಲ್ಲ. ಭಾರತೀಯ ವಿಜ್ಞಾನಕ್ಕೆ ಎರಡರಿಂದಲೂ ಲಾಭವಾಯಿತು. ದೂರದ ಬಡಾವಣೆಗಳಿಗೆ ಸೈಕಲ್ ತುಳಿದು ಮನೆಪಾಠ ಹೇಳುತ್ತಿದ್ದ ಸಹಾ ಅವರನ್ನು 1916ರಲ್ಲಿ ಅಶುತೋಷ್ ಮುಖರ್ಜಿ ಹೊಸ ವಿಜ್ಞಾನ ಕಾಲೇಜಿಗೆ ಕರೆದರು. ತಾರಕನಾಥ ಪಾಲಿತ್, ರಾಸಬಿಹಾರಿ ಘೋಷ್ ಎಂಬ ಇಬ್ಬರು ವಕೀಲರ ದಾನದಿಂದ ಎದ್ದ ಕಾಲೇಜು ಅದು.

ಅಲ್ಲಿ ಉಪಕರಣಗಳು ಇರಲಿಲ್ಲವೆಂದೇ ಹೇಳಬೇಕು. ಅನ್ವಯಿಕ ಗಣಿತ ಓದಿದ್ದ ಸಹಾ ಭೌತವಿಜ್ಞಾನ ಕಲಿಸಬೇಕಿತ್ತು. ತಾವು ಎಂಎಸ್‌ಸಿಯಲ್ಲಿ ಓದದ ಉಷ್ಣಗತಿಶಾಸ್ತ್ರವನ್ನೂ ರೋಹಿತವಿಜ್ಞಾನವನ್ನೂ ಪಾಠ ಮಾಡುವ ಸಲುವಾಗಿಯೇ ಅವರು ಹೊಸದಾಗಿ ಕಲಿತರು. ಜರ್ಮನ್ ಭಾಷೆ ಮೊದಲೇ ಗೊತ್ತಿತ್ತು. ಬೋಸ್ ಮತ್ತು ಸಹಾ ಸೇರಿ ಐನ್‌ಸ್ಟೈನ್ ಹಾಗೂ ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಪ್ರಬಂಧಗಳನ್ನು ಇಂಗ್ಲಿಷಿಗೆ ತಂದರು. ಕಲ್ಕತ್ತ ವಿಶ್ವವಿದ್ಯಾಲಯ 1920ರಲ್ಲಿ ಅದನ್ನು ಪುಸ್ತಕವಾಗಿ ಪ್ರಕಟಿಸಿತು. ಇನ್ನೂ ಮೂವತ್ತು ತುಂಬದ ಇಬ್ಬರು ಅಧ್ಯಾಪಕರು ವಿದ್ಯಾರ್ಥಿಗಳಿಗಾಗಿ ಮಾಡಿದ ಕೆಲಸ ಅದು.

ಅವರ ದೊಡ್ಡ ಶೋಧವೂ ತರಗತಿಯ ಸಿದ್ಧತೆಯಿಂದಲೇ ಬೆಳೆದದ್ದು ಎಂಬುದನ್ನು ಗಮನಿಸಬೇಕು. ನಕ್ಷತ್ರಗಳ ಬೆಳಕನ್ನು ಅಶ್ರಗದಿಂದ ಒಡೆದಾಗ ಕಾಣುವ ಗೆರೆಗಳ ಆಧಾರದ ಮೇಲೆ ಹಾರ್ವರ್ಡ್ ವೀಕ್ಷಣಾಲಯದವರು ಲಕ್ಷಾಂತರ ನಕ್ಷತ್ರಗಳನ್ನು ಕೆಲವೇ ವರ್ಗಗಳಾಗಿ ವಿಂಗಡಿಸಿದ್ದರು. ಒಂದು ವರ್ಗದಲ್ಲಿ ಹೀಲಿಯಂ ಗೆರೆ ಎದ್ದು ಕಂಡರೆ ಇನ್ನೊಂದರಲ್ಲಿ ಲೋಹಗಳದ್ದು. ಹಾಗಾದರೆ ಒಂದೊಂದು ನಕ್ಷತ್ರ ಒಂದೊಂದು ವಸ್ತುವಿನಿಂದ ಆದದ್ದೇ? ಸಹಾ ಕೊಟ್ಟ ಉತ್ತರ ಸರಳ. ಉಷ್ಣತೆ ಏರಿದಂತೆ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುತ್ತವೆ. ಒತ್ತಡ ಕಡಿಮೆಯಿದ್ದಷ್ಟೂ ಕಳೆದ ಎಲೆಕ್ಟ್ರಾನು ಮರಳಿ ಸಿಗುವ ಸಂಭವ ಕಡಿಮೆ. ಹೀಗೆ ಅಯಾನೀಕರಣಗೊಂಡ ಪರಮಾಣು ಸೂಸುವ, ಹೀರುವ ಗೆರೆಗಳೇ ಬೇರೆ. ರಾಸಾಯನಿಕ ಕ್ರಿಯೆಗಳ ಸಮತೋಲವನ್ನು ಲೆಕ್ಕ ಹಾಕುವ ವಿಧಾನವನ್ನೇ ಪರಮಾಣು ಮತ್ತು ಎಲೆಕ್ಟ್ರಾನುಗಳ ಅಗಲಿಕೆಗೆ ಅವರು ಅನ್ವಯಿಸಿದರು. ನಕ್ಷತ್ರಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ವಸ್ತುವಿನದಲ್ಲ, ಉಷ್ಣತೆಯದು ಎಂಬುದು ಇದರಿಂದ ಸ್ಪಷ್ಟವಾಯಿತು.

1920ರ ಅಕ್ಟೋಬರಿನಲ್ಲಿ ಫಿಲಾಸಫಿಕಲ್ ಮ್ಯಾಗಜೀನ್ ಈ ಪ್ರಬಂಧವನ್ನು ಪ್ರಕಟಿಸಿತು. ಸೂರ್ಯನ ರೋಹಿತದಲ್ಲಿ ರುಬಿಡಿಯಂ ಏಕೆ ಕಾಣುವುದಿಲ್ಲ ಎಂಬ ಒಗಟಿಗೂ ಅದರಲ್ಲಿ ಉತ್ತರವಿತ್ತು. ಆ ಧಾತು ಸೂರ್ಯನ ಬಿಸಿಗೆ ಬೇಗ ಅಯಾನೀಕರಣಗೊಳ್ಳುತ್ತದೆ. ತಂಪಾದ ಸೌರಕಲೆಗಳಲ್ಲಿ ಹುಡುಕಿದರೆ ಸಿಗಬೇಕು. ಅಮೆರಿಕದ ಖಗೋಳವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ 1922ರ ವೇಳೆಗೆ ಅಲ್ಲಿಯೇ ಅದನ್ನು ಕಂಡರು. 1925ರಲ್ಲಿ ಸಿಸಿಲಿಯಾ ಪೇನ್ ಇದೇ ಸಮೀಕರಣವನ್ನು ಬಳಸಿ ನಕ್ಷತ್ರಗಳ ಬಹುಪಾಲು ಹೈಡ್ರೋಜನ್ ಎಂಬ ಲೆಕ್ಕ ತಲುಪಿದರು. ಹಾರ್ವರ್ಡಿನವರು ದಶಕಗಳಿಂದ ಕೂಡಿಟ್ಟ ಫಲಕಗಳಿಗೆ ಅರ್ಥ ಬಂದದ್ದು ದೂರದರ್ಶಕವೇ ಇಲ್ಲದ ಕಲ್ಕತ್ತೆಯ ಕೊಠಡಿಯಿಂದ ಹೊರಟ ಸೂತ್ರದಿಂದ.

ಇದಕ್ಕೂ ಮೊದಲು ಸಹಾ ನಕ್ಷತ್ರಗಳಲ್ಲಿನ ವಿಕಿರಣದ ಒತ್ತಡ ಕುರಿತು ಒಂದು ದೀರ್ಘ ಪ್ರಬಂಧವನ್ನು ಅಮೆರಿಕದ ಪತ್ರಿಕೆಗೆ ಕಳಿಸಿದ್ದರು. ಮುದ್ರಣದ ವೆಚ್ಚದಲ್ಲಿ ಪಾಲು ಕೊಟ್ಟರೆ ಪ್ರಕಟಿಸುವುದಾಗಿ ಉತ್ತರ ಬಂತು. ಅಷ್ಟು ಹಣ ಅವರ ಬಳಿ ಇರಲಿಲ್ಲ. ಪ್ರಬಂಧ ಕೊನೆಗೆ ಹೊರಗಿನವರ ಕಣ್ಣಿಗೆ ಬೀಳದ ವಿಶ್ವವಿದ್ಯಾಲಯದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಲೇಖನ ಪ್ರಕಟಿಸಲು ಲೇಖಕನೇ ಶುಲ್ಕ ತೆರಬೇಕಾದ ಪತ್ರಿಕೆಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ, ನಮ್ಮ ಜಿಲ್ಲಾ ಕೇಂದ್ರದ ಅಧ್ಯಾಪಕರೊಬ್ಬರಿಗೆ ಈ ಪ್ರಸಂಗ ಹಳೆಯದೆಂದು ತೋರಲಾರದು.

ಲಂಡನ್ನಿನಲ್ಲಿ ಆಲ್‌ಫ್ರೆಡ್ ಫೌಲರ್, ಬರ್ಲಿನ್ನಿನಲ್ಲಿ ವಾಲ್ಟರ್ ನೆರ್ನ್ಸ್ಟ್ ಅವರ ಪ್ರಯೋಗಾಲಯಗಳಲ್ಲಿ ಕೆಲಸ ಮಾಡಿ 1921ರ ಕೊನೆಗೆ ಸಹಾ ಮರಳಿದರು. 1923ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯ ಸೇರಿ ಹದಿನೈದು ವರ್ಷ ಅಲ್ಲಿದ್ದರು. ಪಾಠದ ಹೊರೆ ದೊಡ್ಡದು, ಪ್ರಯೋಗಾಲಯ ಬಡವಾಗಿತ್ತು. 1927ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆತ ಮೇಲಷ್ಟೇ ಪ್ರಾಂತ್ಯ ಸರ್ಕಾರ ಸಂಶೋಧನೆಗೆ ನೆರವು ನೀಡಲು ಮುಂದಾಯಿತು. ನೊಬೆಲ್ ಪ್ರಶಸ್ತಿಗೆ ಹಲವು ಬಾರಿ ಹೆಸರು ಹೋದರೂ ಅದು ಸಿಗಲಿಲ್ಲ. ಅವರ ಅತ್ಯುತ್ತಮ ಸಂಶೋಧನೆ ಈ ಹೊತ್ತಿಗೆ ಹಿಂದೆ ಉಳಿದಿತ್ತು ಎಂಬ ಆಕ್ಷೇಪದಲ್ಲಿ ಸತ್ಯಾಂಶವಿದೆ. ಆದರೆ ಅಲಹಾಬಾದಿನ ವರ್ಷಗಳನ್ನು ಪ್ರಬಂಧಗಳ ಸಂಖ್ಯೆಯಿಂದ ಅಳೆಯುವುದು ಸರಿಯಲ್ಲ. ಬಿ.ಎನ್. ಶ್ರೀವಾಸ್ತವ ಅವರೊಡನೆ ಬರೆದ ಉಷ್ಣವಿಜ್ಞಾನದ ಪಠ್ಯ ತಲೆಮಾರುಗಳ ಕಾಲ ಭಾರತದ ಕಾಲೇಜುಗಳಲ್ಲಿ ಬಳಕೆಯಾಯಿತು. ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿಯೂ ರಟ್ಟು ಸವೆದ ಅದರ ಪ್ರತಿಯೊಂದು ಕೈಯಿಂದ ಕೈಗೆ ದಾಟುತ್ತಿದ್ದುದನ್ನು ಬಲ್ಲೆ. ಅವರ ಶಿಷ್ಯ ದೌಲತ್ ಸಿಂಗ್ ಕೊಠಾರಿ ಮುಂದೆ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾದರು. 1964-66ರ ಶಿಕ್ಷಣ ಆಯೋಗ ಅವರ ಹೆಸರಿನಿಂದಲೇ ಪ್ರಸಿದ್ಧ.

ಮೂವತ್ತರ ದಶಕದಲ್ಲಿ ಸಹಾ ಅವರಿಗೆ ಇನ್ನೊಂದು ಕೊರತೆ ಕಾಡತೊಡಗಿತು. ಭಾರತದಲ್ಲಿ ವಿಜ್ಞಾನಿಗಳಿದ್ದರು, ಆದರೆ ಅವರನ್ನು ಕೂಡಿಸುವ ಸಂಘಟನೆ ಇರಲಿಲ್ಲ. ಒಬ್ಬರ ಅರಿವು ಇನ್ನೊಬ್ಬರಿಗೆ ದಾಟುವ, ತಲೆಮಾರು ಉರುಳಿದರೂ ಉಳಿಯುವ ವ್ಯವಸ್ಥೆ ಬೇಕಿತ್ತು. 1930ರಲ್ಲಿ ಅಲಹಾಬಾದಿನಲ್ಲಿ ಒಂದು ವಿಜ್ಞಾನ ಅಕಾಡೆಮಿ ಅವರ ಪ್ರಯತ್ನದಿಂದ ಹುಟ್ಟಿತು. ಅಖಿಲ ಭಾರತ ಮಟ್ಟದ ಅಕಾಡೆಮಿ ಹೇಗಿರಬೇಕೆಂಬ ಚರ್ಚೆಯಲ್ಲಿ ಅಭಿಪ್ರಾಯಗಳು ಸಿಡಿದು, ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಅಕಾಡೆಮಿ ಕಟ್ಟಿದರು. 1935ರಲ್ಲಿ ಕಲ್ಕತ್ತೆಯಲ್ಲಿ ಮತ್ತೊಂದು ಸ್ಥಾಪನೆಯಾಯಿತು. ದೇಶಕ್ಕೆ ಒಂದರ ಬದಲು ಮೂರು ಅಕಾಡೆಮಿಗಳಿರುವುದಕ್ಕೆ ಈ ಹಳೆಯ ಭಿನ್ನಮತವೇ ಕಾರಣ. ಸಹಾ ಸೌಮ್ಯ ಸ್ವಭಾವದವರಲ್ಲ. ಅವರ ಕಟುಮಾತು ಮಿತ್ರರನ್ನೂ ದೂರ ಮಾಡಿತು. ಸಂಸ್ಥೆ ಕಟ್ಟುವವರಿಗೆ ಬೇಕಾದ ಹೊಂದಾಣಿಕೆಯ ಗುಣ ಅವರಲ್ಲಿ ಕಡಿಮೆಯಿತ್ತು. ಅದೇ 1935ರಲ್ಲಿ ಅವರು ಆರಂಭಿಸಿದ ಸೈನ್ಸ್ ಅಂಡ್ ಕಲ್ಚರ್ ಪತ್ರಿಕೆ ಮಾತ್ರ ವಿಜ್ಞಾನವನ್ನು ನದಿ, ಹಸಿವು, ವಿದ್ಯುತ್ತು, ಶಾಲೆಗಳ ಜೊತೆ ಬೆಸೆಯಿತು.

ನದಿಯ ಬಗ್ಗೆ ಅವರದು ಪುಸ್ತಕದ ಆಸಕ್ತಿಯಲ್ಲ. ಬಾಲ್ಯದಲ್ಲಿ ನೆರೆ ನೀರಿನಲ್ಲಿ ದೋಣಿ ಹತ್ತಿ ಶಾಲೆಗೆ ಹೋದವರು. ಇಪ್ಪತ್ತರ ದಶಕದ ಉತ್ತರ ಬಂಗಾಳ ಪ್ರವಾಹದಲ್ಲಿ ಪ್ರಫುಲ್ಲಚಂದ್ರ ರೇ ಅವರೊಂದಿಗೆ ಪರಿಹಾರ ಕೆಲಸ ಮಾಡಿದವರು. 1943ರಲ್ಲಿ ದಾಮೋದರ ನದಿ ಉಕ್ಕಿ ಕಲ್ಕತ್ತೆಯ ರೈಲು ಸಂಪರ್ಕವೇ ಕಡಿದಾಗ ನೇಮಕವಾದ ಸಮಿತಿಯಲ್ಲಿ ಅವರಿದ್ದರು. ಅಮೆರಿಕದ ಟೆನೆಸಿ ಕಣಿವೆಯ ಮಾದರಿಯನ್ನು ಅವರು ಎತ್ತಿಹಿಡಿದರು. 1948ರಲ್ಲಿ ದಾಮೋದರ ಕಣಿವೆ ನಿಗಮ ರೂಪುಗೊಂಡಿತು. ದೊಡ್ಡ ಅಣೆಕಟ್ಟುಗಳು ಎತ್ತಂಗಡಿ ಮಾಡಿದ ಆದಿವಾಸಿಗಳ ಕಥೆಯನ್ನು ಬಲ್ಲ ನಮಗೆ ಅವರ ನಂಬಿಕೆ ಅಪೂರ್ಣವೆನಿಸಬಹುದು. ಆ ಟೀಕೆ ನ್ಯಾಯವಾದದ್ದು. ಆದರೆ ಹಸಿವನ್ನು ಹತ್ತಿರದಿಂದ ಕಂಡವರ ಅವಸರ ಅದರ ಹಿಂದಿತ್ತು ಎಂಬುದನ್ನೂ ಮರೆಯಬಾರದು.

1938ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಸುಭಾಷ್‌ಚಂದ್ರ ಬೋಸ್ ರಾಷ್ಟ್ರೀಯ ಯೋಜನಾ ಸಮಿತಿಯನ್ನು ರಚಿಸಿದ್ದರ ಹಿಂದೆ ಸಹಾ ಅವರ ಒತ್ತಾಸೆಯಿತ್ತು. ಜವಾಹರಲಾಲ್ ನೆಹರೂ ಅಧ್ಯಕ್ಷರಾದ ಆ ಸಮಿತಿಯಲ್ಲಿ ನಮ್ಮ ಎಂ. ವಿಶ್ವೇಶ್ವರಯ್ಯನವರೂ ಸದಸ್ಯರು. ಯೋಜಿತ ಆರ್ಥಿಕತೆಯ ಕುರಿತು 1934ರಲ್ಲಿಯೇ ಪುಸ್ತಕ ಬರೆದಿದ್ದ ಮೈಸೂರಿನ ದಿವಾನರಿಗೂ ಪೂರ್ವ ಬಂಗಾಳದ ಅಂಗಡಿಕಾರನ ಮಗನಿಗೂ ಕೈಗಾರಿಕೆಯೇ ಬಡತನಕ್ಕೆ ಮದ್ದು ಎಂಬಲ್ಲಿ ಒಮ್ಮತವಿತ್ತು.

ಅದೇ ವರ್ಷ ಸಹಾ ಕಲ್ಕತ್ತೆಗೆ ಹಿಂದಿರುಗಿದರು. ಪರಮಾಣು ನ್ಯೂಕ್ಲಿಯಸ್ಸಿನ ವಿಜ್ಞಾನವನ್ನು ಎಂಎಸ್‌ಸಿ ಪಠ್ಯಕ್ಕೆ ತಂದರು, ಶಿಷ್ಯ ಬಿ.ಡಿ. ನಾಗಚೌಧುರಿ ಅವರ ನೆರವಿನಿಂದ ಸೈಕ್ಲೋಟ್ರಾನ್ ಯಂತ್ರ ಕಟ್ಟುವ ಕೆಲಸ ಹಿಡಿದರು. ಅವರು ಕಟ್ಟಿದ ನ್ಯೂಕ್ಲಿಯರ್ ಭೌತವಿಜ್ಞಾನ ಸಂಸ್ಥೆಯನ್ನು 1950ರ ಜನವರಿ 11ರಂದು ಇರೀನ್ ಜೋಲಿಯೋ ಕ್ಯೂರಿ ಉದ್ಘಾಟಿಸಿದರು. ವಿಶ್ವವಿದ್ಯಾಲಯದ ಅಂಗವಾಗಿಯೇ ಅದು ಬೆಳೆಯಬೇಕೆಂಬುದು ಸಹಾ ಇಚ್ಛೆ. ಇಷ್ಟರಲ್ಲಿ ದೇಶದ ದಾರಿ ಬೇರೆಯಾಗಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ 1945ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. 1948ರಲ್ಲಿ ಅವರ ಅಧ್ಯಕ್ಷತೆಯಲ್ಲಿ ಪರಮಾಣು ಶಕ್ತಿ ಆಯೋಗ ಸ್ಥಾಪನೆಯಾಯಿತು. ಸಹಾ ವಿರೋಧಿಸಿದರು. ಮೊದಲು ಕೈಗಾರಿಕೆಯ ತಳಹದಿ ಬೇಕು, ವಿಶ್ವವಿದ್ಯಾಲಯಗಳಲ್ಲಿ ತರಬೇತಿ ಪಡೆದ ಯುವಕರು ಬೇಕು, ಆಮೇಲೆ ಆಯೋಗ ಎಂಬುದು ಅವರ ವಾದ. ಸಂಶೋಧನೆಯ ಸುತ್ತ ಗುಟ್ಟಿನ ಗೋಡೆ ಕಟ್ಟುವುದನ್ನೂ ಅವರು ಒಪ್ಪಲಿಲ್ಲ.

ಈ ವಿವಾದವನ್ನು ಇಬ್ಬರು ದೊಡ್ಡವರ ನಡುವಿನ ಮತ್ಸರವೆಂದು ತಳ್ಳಿಹಾಕುವುದು ಸುಲಭ. ಭಾಭಾ ಮಾರ್ಗಕ್ಕೂ ತರ್ಕವಿತ್ತು. ವಿಶ್ವವಿದ್ಯಾಲಯಗಳ ಆಡಳಿತ ನಿಧಾನ, ರಾಜಕೀಯ ಹೆಚ್ಚು. ಪ್ರತಿಭಾವಂತರಿಗೆ ಪ್ರತ್ಯೇಕ ನೆಲೆ ಕೊಟ್ಟರೆ ಫಲ ಬೇಗ ಸಿಗುತ್ತದೆ. ಫಲ ಸಿಕ್ಕಿತು ಎಂಬುದೂ ನಿಜ. ಸಹಾ ಕೇಳಿದ್ದು ಆ ಫಲದ ಬೀಜ ಮುಂದೆ ಎಲ್ಲಿ ಮೊಳೆಯಬೇಕೆಂದು. ಸಂಶೋಧಕರು ತರಗತಿಯಿಂದ ದೂರವಾದರೆ ಹದಿನೆಂಟರ ವಿದ್ಯಾರ್ಥಿಗೆ ಮುಗಿದುಹೋದ ವಿಜ್ಞಾನವಷ್ಟೇ ಸಿಗುತ್ತದೆ, ಆಗುತ್ತಿರುವ ವಿಜ್ಞಾನ ಸಿಗುವುದಿಲ್ಲ. ಸರ್ವೆಪಲ್ಲಿ ರಾಧಾಕೃಷ್ಣನ್ ಅಧ್ಯಕ್ಷತೆಯ 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿಯೂ ಸಹಾ ಸದಸ್ಯರಾಗಿದ್ದರು. ಅವರಿಗೆ ಪರಮಾಣುವಿನ ಪ್ರಶ್ನೆ ಮತ್ತು ಶಿಕ್ಷಣದ ಪ್ರಶ್ನೆ ಬೇರೆ ಬೇರೆಯಾಗಿರಲೇ ಇಲ್ಲ.

1952ರಲ್ಲಿ ಕಲ್ಕತ್ತ ವಾಯವ್ಯ ಕ್ಷೇತ್ರದಿಂದ ಪಕ್ಷೇತರರಾಗಿ ಅವರು ಲೋಕಸಭೆಗೆ ಗೆದ್ದರು. ನಿರಾಶ್ರಿತರ ಬವಣೆ, ಶಿಕ್ಷಣದ ಅನುದಾನ, ಪರಮಾಣು ಶಕ್ತಿಯ ನೀತಿ ಇವೆಲ್ಲವನ್ನೂ ಸದನದಲ್ಲಿ ಎತ್ತಿದರು. ಅದೇ ವರ್ಷ ಸರ್ಕಾರ ಪಂಚಾಂಗ ಸುಧಾರಣಾ ಸಮಿತಿಗೆ ಅವರನ್ನು ಅಧ್ಯಕ್ಷರನ್ನಾಗಿಸಿತು. ಸೂರ್ಯಸಿದ್ಧಾಂತದ ವರ್ಷ ಋತುಚಕ್ರದ ವರ್ಷಕ್ಕಿಂತ ಸುಮಾರು 24 ನಿಮಿಷ ಉದ್ದ. ಈ ಚಿಕ್ಕ ವ್ಯತ್ಯಾಸ ಸಾವಿರದ ನಾನೂರು ವರ್ಷಗಳಲ್ಲಿ 23 ದಿನಗಳಷ್ಟು ಬೆಳೆದಿದೆ. ಉತ್ತರಾಯಣ ಆಕಾಶದಲ್ಲಿ ಡಿಸೆಂಬರ್ 22ರ ಸುಮಾರಿಗೆ ಆರಂಭವಾದರೆ, ನಾವು ಎಳ್ಳು ಬೆಲ್ಲ ಹಂಚುವ ಮಕರ ಸಂಕ್ರಾಂತಿ ಜನವರಿ ಮಧ್ಯಕ್ಕೆ ಸರಿದಿರುವುದು ಇದರಿಂದಲೇ. ಸಮಿತಿ 1955ರಲ್ಲಿ ವರದಿ ನೀಡಿತು. 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಆ ದಿನ 1879ನೇ ಶಕವರ್ಷದ ಚೈತ್ರದ ಮೊದಲ ದಿನ. ಅದನ್ನು ನೋಡಲು ಸಹಾ ಇರಲಿಲ್ಲ. 1956ರ ಫೆಬ್ರುವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ಹೋಗುವ ದಾರಿಯಲ್ಲಿ ಹೃದಯಾಘಾತದಿಂದ ಕುಸಿದು ಅವರು ತೀರಿಕೊಂಡರು. ವಯಸ್ಸು 62.

ಇಂದು ನಮ್ಮ ರಾಜ್ಯದ ಸ್ಥಿತಿಯನ್ನೇ ನೋಡೋಣ. ಒಂದೇ ಬೆಂಗಳೂರಿನಲ್ಲಿ ಜಗತ್ತು ಗೌರವಿಸುವ ಸಂಶೋಧನಾ ಸಂಸ್ಥೆಗಳೂ ಇವೆ, ಖಾಲಿ ಹುದ್ದೆಗಳ ನಡುವೆ ಅತಿಥಿ ಉಪನ್ಯಾಸಕರ ಭುಜದ ಮೇಲೆ ನಡೆಯುವ ಸರ್ಕಾರಿ ಕಾಲೇಜುಗಳೂ ಇವೆ. ಎರಡರ ನಡುವಿನ ದೂರ ಕೆಲವೇ ಕಿಲೋಮೀಟರು, ಆದರೆ ಒಂದರ ಅರಿವು ಇನ್ನೊಂದಕ್ಕೆ ದಾಟುವ ಸೇತುವೆ ಬಲು ಕಿರಿದು. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯಿದೆಯನ್ನು ಅಂಗೀಕರಿಸಿದಾಗ ವಿಶ್ವವಿದ್ಯಾಲಯ, ಕಾಲೇಜುಗಳಲ್ಲಿ ಸಂಶೋಧನೆಯನ್ನು ಬೆಳೆಸುವುದು ಅದರ ಉದ್ದೇಶಗಳಲ್ಲಿ ಒಂದೆಂದು ಸಾರಲಾಯಿತು. ಸಹಾ ಏಳು ದಶಕಗಳ ಹಿಂದೆ ಹೇಳಿದ್ದನ್ನೇ ದೇಶ ತಡವಾಗಿ ಒಪ್ಪಿಕೊಂಡಂತಾಯಿತು. ಆದರೆ ಕಾಯಿದೆಯ ಹಣ ಈಗಾಗಲೇ ಬಲವಾಗಿರುವ ಸಂಸ್ಥೆಗಳ ಬಾಗಿಲಲ್ಲೇ ನಿಲ್ಲದೆ, ಖಾಯಂ ಅಧ್ಯಾಪಕರಿಲ್ಲದ ವಿಭಾಗಗಳನ್ನು ತಲುಪಬೇಕು. ಪಾಠ ಹೇಳುವವರಿಗೆ ಸಂಶೋಧನೆಗೆ ಸಮಯ, ಸಂಶೋಧಿಸುವವರಿಗೆ ಪಾಠ ಹೇಳುವ ಹೊಣೆ ಎರಡೂ ನಿಯಮವಾಗಬೇಕು. ಹಾಸ್ಟೆಲಿನ ಪಂಕ್ತಿಯಲ್ಲಿ ಯಾರನ್ನೂ ಬೇರೆ ಕೂರಿಸದಂತೆ ನೋಡಿಕೊಳ್ಳುವುದು ಸಹ ವಿಜ್ಞಾನ ನೀತಿಯ ಭಾಗವೇ. ಇಂದಿನ ಯಾವ ಊರಿನ ಯಾವ ಅಂಗಡಿಯಲ್ಲಿ ಮುಂದಿನ ಸಮೀಕರಣ ಬರೆಯುವ ಮಗು ಲೆಕ್ಕ ಬರೆಯುತ್ತ ಕೂತಿದೆಯೋ, ಅದರ ಪಾಲಿಗೆ ಹತ್ತಿರದ ಕಾಲೇಜು ಎಷ್ಟು ಜೀವಂತವಾಗಿದೆ ಎಂಬುದೇ ನಿರ್ಣಾಯಕ.